ಮೂರನೆಯ ಸಾಲು

ಗೇಟಿನಲ್ಲಿ ಮೊಬೈಲ್ ಇಸಿದುಕೊಂಡು ನಂಬರಿನ ಬಿಲ್ಲೆ ಕೊಟ್ಟ ಹೆಂಗಸು ತಲೆಯೆತ್ತಿ ತನ್ನ ಮುಖವನ್ನೂ ನೋಡಲಿಲ್ಲ ಎಂಬುದು ಸುಮನಾಳ ಬೆಳಗಿನ ಮೊದಲ ಸಿಟ್ಟು. ಎರಡನೆಯದು ಕುರ್ಚಿಯದು. ತುಮಕೂರಿನ ಈ ಕಾಲೇಜಿನ ಮಹಡಿಯ ಹಾಲಿನಲ್ಲಿ ಪಿಯುಸಿ ಇಂಗ್ಲಿಷ್ ಉತ್ತರಪತ್ರಿಕೆಗಳ ಮೌಲ್ಯಮಾಪನ ಶುರುವಾಗಿ ಆರು ದಿನವಾಗಿತ್ತು. ಆರು ದಿನದಿಂದಲೂ ಅವಳ ಕುರ್ಚಿಯ ಒಂದು ಕಾಲು ಗಿಡ್ಡವಾಗಿಯೇ ಇತ್ತು, ಆರು ದಿನದಿಂದಲೂ ಅವಳು ಅದನ್ನು ಯಾರಿಗೂ ಹೇಳದೆ ಒಂದೇ ತೊಡೆಯ ಮೇಲೆ ಭಾರ ಬಿಟ್ಟು ಕೂರುತ್ತಿದ್ದಳು. ಹೇಳಿದರೆ ಏನಾಗುತ್ತದೆ, ಬೇರೆ ಕುರ್ಚಿ ಕೊಡುತ್ತಾರೆ, ಅಷ್ಟೆ. ಆದರೂ ಬಾಯಿ ಬರುವುದಿಲ್ಲ. ಕುಣಿಗಲ್ಲಿನಲ್ಲಿ ಆರೂವರೆಯ ಬಸ್ಸು ಹಿಡಿದು ಹೆಬ್ಬೂರಿನವರೆಗೂ ನಿಂತೇ ಬಂದವಳು, ಪಕ್ಕದ ಸೀಟಿನಲ್ಲಿ ಬ್ಯಾಗು ಇಟ್ಟುಕೊಂಡು ಕೂತಿದ್ದ ಗಂಡಸಿಗೆ ಬ್ಯಾಗು ತೆಗೆಯಿರಿ ಎಂದೂ ಹೇಳಿರಲಿಲ್ಲ. ಹೇಳದೆ ನುಂಗಿಕೊಂಡದ್ದನ್ನೆಲ್ಲ ಸಂಜೆ ಮನೆಗೆ ಹೊತ್ತುಕೊಂಡು ಹೋಗಿ ಮಗಳ ಮೇಲೆ, ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತೇನೆ ಎಂಬುದೂ ಅವಳಿಗೆ ಗೊತ್ತಿತ್ತು. ಬಡವನ ಕೋಪ ದವಡೆಗೆ ಮೂಲ ಎಂದು ಅಪ್ಪ ಗಂಗಣ್ಣ ಹೇಳುತ್ತಿದ್ದರು. ಅವರಿಗೆ ಕೋಪ ಬಂದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಕೆಲಸವೆಂದರೆ ಇಷ್ಟು. ಯಾವುದೋ ಜಿಲ್ಲೆಯ ಯಾವುದೋ ಕಾಲೇಜಿನ ಮಕ್ಕಳ ಉತ್ತರಪತ್ರಿಕೆಗಳು ಹೆಸರಿಲ್ಲದೆ, ಊರಿಲ್ಲದೆ, ಗುಪ್ತ ಸಂಖ್ಯೆಯೊಂದನ್ನು ಮಾತ್ರ ಹೊತ್ತು ಕಟ್ಟುಕಟ್ಟಾಗಿ ಬರುತ್ತವೆ. ಒಂದು ಮೇಜಿಗೆ ಐವರು ಕೂತು ಕೆಂಪು ಇಂಕಿನಲ್ಲಿ ತಿದ್ದುತ್ತಾರೆ. ಕೀ ಆನ್ಸರ್ ಎಂಬ ಮಾದರಿ ಉತ್ತರಗಳ ಹಾಳೆ ಎದುರಿಗಿರುತ್ತದೆ. ಅದರಲ್ಲಿದ್ದದ್ದು ಇದರಲ್ಲಿದ್ದರೆ ಅಂಕ, ಇಲ್ಲದಿದ್ದರೆ ಸೊನ್ನೆ. ಐವರ ಮೇಲೆ ಹಸಿರು ಇಂಕಿನ ಡೆಪ್ಯುಟಿ ಚೀಫ್ ಒಬ್ಬರು. ಇವರ ಮೇಜಿಗೆ ಉದಯಕುಮಾರ್. ಹಿರೇಹಳ್ಳಿ ಕಡೆಯ ಖಾಸಗಿ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದವರು. ಕೆಟ್ಟವರೇನಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ, ಡಬ್ಬಿಯಲ್ಲಿ ನೆನೆಸಿದ ಮೆಂತ್ಯ ತಂದು ಎಲ್ಲರಿಗೂ ಚಮಚದಲ್ಲಿ ಹಂಚುತ್ತಾರೆ. ಆದರೆ ದಿನಕ್ಕೆ ಇಷ್ಟು ಪತ್ರಿಕೆ ಮುಗಿಯಲೇಬೇಕು ಎಂದು ಮೇಲಿನಿಂದ ಅವರಿಗೆ ಒತ್ತಡ, ಅವರಿಂದ ಇವರಿಗೆ. "ಮೊದಲ್ನೇ ಎರಡು ಸಾಲು ನೋಡಿ ಮೇಡಂ, ಸಾಕು. ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದಗುಳು ಹಿಸುಕಿದ್ರೆ ಸಾಲ್ದಾ? ನೀವು ಇಡೀ ಪಾತ್ರೇನೇ ಉಣ್ಣೋಕೆ ಹೊರಟ್ರೆ ಹೆಂಗೆ" ಎಂದು ಮೊದಲ ದಿನವೇ ಎಲ್ಲರೆದುರು ಅವಳಿಗೆ ಹೇಳಿದ್ದರು. ಪಕ್ಕದ ಕುರ್ಚಿಯ ಪಲ್ಲವಿ ನಕ್ಕಿದ್ದಳು. ಪಲ್ಲವಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಲಿಲ್ಲ. ಅವಳ ಕಟ್ಟುಗಳು ಎಲ್ಲರಿಗಿಂತ ಮೊದಲು ಮುಗಿಯುತ್ತಿದ್ದವು. ಸುಮನಾ ಕೂಡ ನಕ್ಕಿದ್ದಳು, ಅದನ್ನೇ ಅವಳು ಆರು ದಿನವಾದರೂ ಮರೆತಿರಲಿಲ್ಲ.

ಟೀ ಆದ ಮೇಲೆ ಬಂದ ಕಟ್ಟಿನಲ್ಲಿ ಇಪ್ಪತ್ತೆರಡು ಪತ್ರಿಕೆಗಳಿದ್ದವು. ಪಠ್ಯದಲ್ಲಿಲ್ಲದ ಒಂದು ಹಳೆಯ ಪದ್ಯ ಕೊಟ್ಟು ನಾಲ್ಕು ಅಂಕದ ಪ್ರಶ್ನೆ ಕೇಳಿದ್ದರು. ಮುನ್ನೂರು ವರ್ಷ ಹಿಂದಿನದಿರಬೇಕು, ಹಿಮ ಬೀಳುವ ಬೆಟ್ಟದಲ್ಲಿ ತಪ್ಪಿಸಿಕೊಂಡ ಒಂದೇ ಒಂದು ಕುರಿಯನ್ನು ಹುಡುಕುತ್ತ ಅಲೆಯುವ ಮುದುಕಿಯ ಪದ್ಯ. ಕವಿ ಅವಳನ್ನು ಸಿಲ್ಲಿ ಎಂದು ಕರೆಯುತ್ತಾನೆ. ಮುದುಕಿಯ ಬಗ್ಗೆ ಕವಿಯ ಭಾವನೆ ಏನು ಎಂಬುದು ಪ್ರಶ್ನೆ. ಮುದುಕಿಯ ದಡ್ಡತನವನ್ನು ಕವಿ ಗೇಲಿ ಮಾಡುತ್ತಾನೆ ಎಂಬುದು ಕೀ ಆನ್ಸರ್. ಐದು ದಿನದಿಂದ ನೂರಾರು ಮಕ್ಕಳು ಅದನ್ನೇ ಬರೆದಿದ್ದರು, ಅವಳೂ ಕೈ ನೋಯುವಷ್ಟು ಸರಿ ಗುರುತು ಹಾಕಿದ್ದಳು. ಈ ಕಟ್ಟಿನ ಮೊದಲ ಪತ್ರಿಕೆಯ ಹುಡುಗನೋ ಹುಡುಗಿಯೋ ಮುರುಕು ಇಂಗ್ಲಿಷಿನಲ್ಲಿ ಬರೆದದ್ದೇ ಬೇರೆ: ಈ ಪದದ ಅರ್ಥ ತಿಳಿಯಬೇಕಾದರೆ ನಾವು ಅದರ ಮುತ್ತಜ್ಜಿಯ ಮನೆಗೆ ಹೋಗಬೇಕು. ಅಲ್ಲಿ ಈ ಪದ ದೇವರ ಕೃಪೆ ಪಡೆದವಳು ಎಂಬ ಅರ್ಥದಲ್ಲಿ ಹುಟ್ಟಿತು, ಆಮೇಲೆ ಮುಗ್ಧೆ ಎಂದಾಯಿತು, ಆಮೇಲೆ ಪಾಪದವಳು, ಕೊನೆಗೆ ಈಗ ದಡ್ಡಿ.

ಸುಮನಾ ಪೆನ್ನು ಕೆಳಗಿಟ್ಟಳು. ಕತ್ತಿನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ತಾನು ಓದಿದ ಗುಬ್ಬಿಯ ಸರ್ಕಾರಿ ಕಾಲೇಜಿನ ಶೀಟಿನ ಸೂರಿನ ಕೋಣೆ, ಮಧ್ಯಾಹ್ನ ಎರಡರ ಕಾವು, ಕಪ್ಪುಹಲಗೆಯ ಮುಂದೆ ಲಕ್ಷ್ಮೀನರಸಿಂಹಯ್ಯ ಸರ್, ತೋಳು ಮಡಿಚಿದ ಅರೆಬಿಳಿ ಶರಟು. ಒಂದು ಪದ ಬಂದರೆ ಸಾಕು, ಪಾಠ ನಿಂತುಬಿಡುತ್ತಿತ್ತು. "ಮನೆತನ ವಿಚಾರಿಸ್ದೆ ಹೆಣ್ಣು ತರ್ತೀರೇನ್ರೋ? ಪದಾನೂ ಹಂಗೆ ತರಬ್ಯಾಡಿ. ಮೊದ್ಲು ಮುತ್ತಜ್ಜಿ ಮನೆಗೆ ಹೋಗಿ ಬನ್ನಿ." ನೈಸ್ ಎಂದರೆ ಹಿಂದೆ ಏನೂ ಅರಿಯದ ಬೆಪ್ಪ. ಸ್ಯಾಡ್ ಎಂದರೆ ಹೊಟ್ಟೆ ತುಂಬಿದವನು. ಸ್ಟಾರ್ವ್ ಎಂದರೆ ಬರೀ ಸಾಯುವುದು. ಹಸಿವೆಯಿಂದ ಸಾಯುವವರೇ ಹೆಚ್ಚಾದ ಮೇಲೆ ಅದು ಹಸಿವೆಯೇ ಆಯಿತು. ಮತ್ತೆ ವಿಲನ್. "ವಿಲನ್ ಅಂದ್ರೆ ಯಾರು ಹೇಳ್ರಿ. ಸಿನಿಮಾದೋನಲ್ಲ. ಧಣಿ ಜಮೀನಲ್ಲಿ ಗೇಯೋನು. ಗೇಯಿಸ್ಕೊಳ್ಳೋನು ಗೇಯೋನ್ನ ಬೈದು ಬೈದು, ಐನೂರು ವರ್ಷ ಬೈದು, ಕೊನೆಗೆ ಆ ಹೆಸರೇ ಕೆಟ್ಟೋನು ಅಂತಾಯ್ತು. ಪದ ತಾನಾಗಿ ಕೆಡಲ್ಲ ಕಣ್ರಮ್ಮ, ಯಾರೋ ಕೆಡುಸ್ತಾರೆ." ಆ ಸಂಜೆ ಅವಳು ಮನೆಗೆ ಹೋಗಿ, ತೆಂಗಿನಕಾಯಿ ಮಂಡಿಯಲ್ಲಿ ದಿನಕ್ಕೆ ಸಾವಿರ ಕಾಯಿ ಸುಲಿದು ಅಂಗೈ ಬಿರಿದುಕೊಂಡು ಬಂದಿದ್ದ ಅಪ್ಪನಿಗೆ, ಅಪ್ಪ ನೀನು ವಿಲನ್ನು ಕಣಪ್ಪ ಎಂದಿದ್ದಳು. ಅವರು ಕತೆ ಕೇಳಿ ನಕ್ಕು, "ಆ ಮೇಷ್ಟ್ರು ಒಂದಿನ ಕರ್ಕಂಡ್ ಬಾ, ಎಳನೀರು ಕೊಚ್ಚಿ ಕೊಡ್ತೀನಿ" ಎಂದಿದ್ದರು. ಅವಳು ಕರೆದುಕೊಂಡು ಹೋಗಲಿಲ್ಲ. ಮಂಡಿಯ ಹಿಂದಿನ ಆ ಒಂದು ಕೋಣೆಯ ಮನೆಗೆ ಸರ್ ಬಂದು ಗೋಣಿಚೀಲದ ಮೇಲೆ ಕೂರುವುದನ್ನು ನೆನೆಸಿಕೊಂಡರೇ ಅವಳಿಗೆ ನಾಚಿಕೆಯಾಗುತ್ತಿತ್ತು.

ಎರಡನೆಯ ಪತ್ರಿಕೆ ತೆಗೆದಳು. ಈ ಪದದ ಅರ್ಥ ತಿಳಿಯಬೇಕಾದರೆ ನಾವು ಅದರ ಮುತ್ತಜ್ಜಿಯ ಮನೆಗೆ ಹೋಗಬೇಕು. ಮೂರನೆಯದು. ಅದೇ. ಎಂಟನೆಯದು, ಹದಿನಾಲ್ಕನೆಯದು, ಕೊನೆಯದು, ಅದೇ. ಸರ್ ಹೇಳಿಕೊಡುತ್ತಿದ್ದ ಕ್ರಮವೇ ಹಾಗೆ. ಗೊತ್ತಿಲ್ಲದ ಪದ್ಯ ಬಂದರೆ ಹೆದರಬೇಡಿ, ಮೂರು ಸಾಲು ಬರೆಯಿರಿ: ಮೊದಲನೆಯದು ಮುತ್ತಜ್ಜಿಯ ಮನೆ, ಎರಡನೆಯದು ಆ ಮನೆಯಿಂದ ಪದ ನಡೆದು ಬಂದ ದಾರಿ, ಮೂರನೆಯದು ನಿಮ್ಮ ಮನೆ. ಹಳೆಯ ಅರ್ಥಕ್ಕೆ ಹೊಂದುವ ಒಬ್ಬರನ್ನು ನಿಮ್ಮ ಮನೆಯಿಂದ ಕರೆದು ತಂದು ನಿಲ್ಲಿಸಿ. ಮೊದಲೆರಡು ಬಾಯಿಪಾಠ, ಮೂರನೆಯದಕ್ಕೆ ನಾನು ಹೊಣೆಯಲ್ಲ ಎನ್ನುತ್ತಿದ್ದರು. ಹಾಗಾದರೆ ಈ ಕಟ್ಟು ಅವರದೇ. ಆರು ವರ್ಷದ ಹಿಂದೆ ಅವರನ್ನು ಉತ್ತರದ ಯಾವುದೋ ಗಡಿಯ ಊರಿಗೆ ವರ್ಗ ಮಾಡಿ ಎತ್ತಿಹಾಕಿದ್ದರಲ್ಲ, ಆ ಊರಿನದು. ಹಾಕಿದ್ದರು ಎಂದು ಯೋಚಿಸುವಾಗ ಅವಳ ಮನಸ್ಸು ಎಂದಿನಂತೆ ಕರ್ತೃವನ್ನು ಬಿಟ್ಟು ಮುಂದೆ ಹೋಯಿತು.

"ಏನ್ ಮೇಡಂ, ಇನ್ನೂ ಮೊದಲ್ನೇ ಪೇಪರ್ರಲ್ಲೇ ಇದೀರಾ?" ಉದಯಕುಮಾರ್ ಬಂದು ಅವಳ ಹೆಗಲ ಮೇಲಿಂದ ಬಗ್ಗಿದರು. ಅವಳು ಮುಚ್ಚುವಷ್ಟರಲ್ಲಿ ಎರಡು ಪತ್ರಿಕೆ ತೆರೆದೇ ಇದ್ದವು. ಅವರು ಒಂದನ್ನು ಓದಿದರು, ಇನ್ನೊಂದನ್ನು ಓದಿದರು, ಕಟ್ಟನ್ನು ತಮ್ಮ ಕಡೆ ಎಳೆದುಕೊಂಡು ಇಸ್ಪೀಟು ಎಲೆ ಬಿಚ್ಚುವವರಂತೆ ಒಂದೊಂದರಲ್ಲೂ ಅದೇ ಪುಟ ತೆಗೆದು ತೆಗೆದು ಹಾಕಿದರು. ಪ್ರತಿಯೊಂದರಲ್ಲೂ ಎರಡೇ ಸಾಲು ಓದಿದ್ದನ್ನು ಅವಳು ನೋಡಿದಳು. "ಇದ್ಯಾವ ಮುತ್ತಜ್ಜಿ ರೀ ಇಂಗ್ಲಿಷ್ ಪೇಪರ್ರಿಗೆ ಬಂದ್ಲು? ಇಪ್ಪತ್ತೆರಡ್ರಲ್ಲೂ ಅವಳೇ ಇದಾಳೆ. ಮಾಸ್ ಕಾಪಿ ಮೇಡಂ ಇದು. ಕಣ್ಣು ಮುಚ್ಕೊಂಡು ಹೇಳ್ಬೋದು. ಯಾವನೋ ಮೇಷ್ಟ್ರು ಹಾಲ್‌ನಲ್ಲಿ ನಿಂತ್ಕೊಂಡು ಡಿಕ್ಟೇಟ್ ಮಾಡವ್ನೆ, ಅದೂ ತಪ್ಪು ಉತ್ರ." ಪಲ್ಲವಿ ಇಣುಕಿ ನೋಡಿದಳು. ಉದಯಕುಮಾರ್ ಡ್ರಾಯರಿನಿಂದ ಅವ್ಯವಹಾರದ ಫಾರಂ ತೆಗೆದು ಸುಮನಾಳ ಮುಂದಿಟ್ಟರು. ಮೊದಲು ಕಂಡವರು ಬರೆದು ಸಹಿ ಹಾಕಬೇಕು, ಆಮೇಲೆ ಅವರ ಹಸಿರು ಸಹಿ. ಇಪ್ಪತ್ತೆರಡು ಮಕ್ಕಳ ಫಲಿತಾಂಶ ತಡೆಹಿಡಿಯುತ್ತಾರೆ, ಕಾಲೇಜಿಗೆ ತಂಡ ಹೋಗುತ್ತದೆ, ಪಾಠ ಮಾಡಿದವರ ಮೇಲೆ ವಿಚಾರಣೆ.

ವಿಚಾರಣೆ. ಸರ್ ಬರುವ ಮೇ ತಿಂಗಳು ನಿವೃತ್ತರಾಗುತ್ತಾರೆ. ಗುಬ್ಬಿಯ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ವಾರದಿಂದ ಅದೇ ಮಾತು: ಗುರುವಂದನೆ ಮಾಡೋಣ, ಶಾಲು ಯಾರು ತರುತ್ತೀರಿ, ಸುಮನಾ ಮೇಡಂ ಯಾಕೆ ಸುಮ್ಮನಿದ್ದೀರಿ, ನೀವೇ ಅಲ್ಲವಾ ಸರ್‌ಗೆ ಅಚ್ಚುಮೆಚ್ಚು. ಅವಳು ಎರಡು ವಾರದಿಂದ ಉತ್ತರಿಸಿರಲಿಲ್ಲ. ಮೆಚ್ಚಿನ ಶಿಷ್ಯೆ ಎಂಬುದಕ್ಕೇ ಅಲ್ಲವೇ ಅವಳನ್ನು ಆ ಸಮಿತಿಗೆ ಹಾಕಿದ್ದು. ಫಲಿತಾಂಶ ಸುಧಾರಣಾ ಸಮಿತಿ. ಆಗ ತಾನೇ ಅವಳಿಗೆ ಕುಣಿಗಲ್ಲಿಗೆ ವರ್ಗವಾಗಬೇಕಿತ್ತು, ಗಂಡನ ಕೆಲಸ ಅಲ್ಲಿ, ಮಗಳು ಹಾಲು ಕುಡಿಯುವ ಕೂಸು. ಗುಬ್ಬಿಯ ಕಾಲೇಜಿಗೆ ಹೋಗಿ ಇಂಗ್ಲಿಷಿನ ಫಲಿತಾಂಶ ಯಾಕೆ ಕಡಿಮೆ ಎಂದು ನೋಡಿ ವರದಿ ಕೊಡಿ ಎಂದ ಮೇಲಿನವರು ವರದಿಯಲ್ಲಿ ಏನಿರಬೇಕೆಂಬುದನ್ನೂ ಹೇಳಿದ್ದರು. ಅವಳು ಅವರು ಹೇಳಿದ್ದನ್ನು ಬರೆದಳು. ಬರೀ ಹೇಳಿದ್ದನ್ನು ಬರೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹೇಳದೆ ಇದ್ದದ್ದನ್ನೂ ಸೇರಿಸಿದಳು, ತನ್ನ ಇಂಗ್ಲಿಷ್ ಎಂಥದ್ದೆಂದು ಅವರಿಗೆ ಗೊತ್ತಾಗಲಿ ಎಂದು: ಈ ಅಧ್ಯಾಪಕರು ಸತ್ತ ಪದಗಳಿಗೆ ನೀರೆರೆಯುತ್ತ ಜೀವಂತ ಮಕ್ಕಳನ್ನು ಬಾಡಿಸುತ್ತಿದ್ದಾರೆ, ಇವರ ಪಾಠದಿಂದ ವಿದ್ಯಾರ್ಥಿಗಳು ಸ್ವಂತವಾಗಿ ಒಂದು ವಾಕ್ಯವನ್ನೂ ಬರೆಯಲಾರರು. ಬರೆದು ಎರಡು ಸಲ ಓದಿಕೊಂಡು ಖುಷಿಪಟ್ಟಿದ್ದಳು. ಸಮಿತಿಯ ಕೊನೆಯ ದಿನ ಸರ್ ವರದಿಯ ಪ್ರತಿಯನ್ನು ನಿಂತೇ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, "ಭಾಷೆ ಚೆನ್ನಾಗಿ ಬಂದಿದೆ ಕಣಮ್ಮ" ಎಂದರು. ಅಷ್ಟೆ. ವ್ಯಂಗ್ಯವೇ, ಅಲ್ಲವೇ ಎಂದು ಆರು ವರ್ಷದಿಂದ ತಿರುಗಿಸಿ ತಿರುಗಿಸಿ ನೋಡಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಏರಿದ ಏಣಿ ಒದ್ದವಳು ಎಂದು ಯಾರಾದರೂ ಒಬ್ಬರು ಮುಖಕ್ಕೆ ಹೇಳಿದ್ದರೂ ಆಗುತ್ತಿತ್ತು.

"ಬರೀರಿ ಮೇಡಂ, ಊಟದೊತ್ತಿಗೆ ಮುಗಿಸಿಬಿಡೋಣ."

ಸಿಟ್ಟು ಎಲ್ಲಿಂದಲೋ ಎದ್ದು ಬಂದು ಅವಳ ಕಿವಿಗಳನ್ನು ಬಿಸಿ ಮಾಡಿತು. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಐದು ದಿನದಿಂದ ನೂರಾರು ಮಕ್ಕಳು, ಯಾವ ಪದ್ಯಕ್ಕಾದರೂ ಹೊಂದಿಸಿಕೊಳ್ಳಿ ಎಂದು ಗೈಡು ಕೊಟ್ಟ ಒಂದೇ ಅಚ್ಚಿನ ವಾಕ್ಯವನ್ನು ಒಂದಕ್ಷರ ಆಚೀಚೆಯಾಗದಂತೆ ಬರೆದಾಗ ಅದು ಕಾಪಿಯಲ್ಲ, ಪೂರ್ಣಾಂಕ. ಹಳ್ಳಿಯ ಇಪ್ಪತ್ತೆರಡು ಮಕ್ಕಳು ಗೈಡಿನಲ್ಲಿಲ್ಲದ್ದನ್ನು ಬರೆದರೆ ಅಪರಾಧ. ಈ ಕೀ ಆನ್ಸರ್ ಬರೆದವನು ಯಾವನು, ಒಂದು ಕುರಿಗಾಗಿ ಹಿಮದಲ್ಲಿ ಅಲೆಯುವ ಮುದುಕಿಯನ್ನು ಕವಿಯೊಬ್ಬ ಗೇಲಿ ಮಾಡುತ್ತಾನೆಂದು ಯಾವ ಎದೆಯಿಂದ ಬರೆದ? ಅವಳಿಗೆ ಎದ್ದು ನಿಂತು ಹೇಳಬೇಕೆನಿಸಿತು: ಸಾರ್, ಈ ಪಾಠ ಮಾಡಿದವರು ನನಗೆ ಗೊತ್ತು, ನಾನು ಅವರ ವಿದ್ಯಾರ್ಥಿನಿ, ಇದು ಕಾಪಿಯಲ್ಲ, ಇದು ಅವರು ಮೂವತ್ತು ವರ್ಷದಿಂದ ಕಲಿಸುವ ಕ್ರಮ, ಅವರ ವಿರುದ್ಧ ಆರು ವರ್ಷದ ಹಿಂದೆ ಸುಳ್ಳು ವರದಿ ಬರೆದವಳು ನಾನೇ. ವಾಕ್ಯಗಳು ನಾಲಿಗೆಯ ತುದಿಗೆ ಸಾಲುಗಟ್ಟಿ ಬಂದು ನಿಂತವು. ಹೇಳಿಬಿಟ್ಟರೆ ಎಷ್ಟು ಹಗುರ. ಹಾಲಿನಲ್ಲಿದ್ದವರೆಲ್ಲ ತಿರುಗಿ ನೋಡಲಿ, ಪಲ್ಲವಿ ಬಾಯಿ ತೆರೆಯಲಿ, ಈ ಕೆಲಸವೇ ಹೋದರೂ ಹೋಗಲಿ.

ಬಾಯಿ ತೆರೆದವಳ ಕಣ್ಣು ಪಲ್ಲವಿಯ ಮೇಲೆ ಬಿತ್ತು. ಪಲ್ಲವಿ ತನ್ನ ಕಟ್ಟು ಮುಗಿಸಿ, ಪೆನ್ನಿನ ಮುಚ್ಚಳ ಹಾಕಿ, ಸುಮ್ಮನೆ ಕಾಯುತ್ತಿದ್ದಳು. ನಿಯಮ ಹೇಳಿತ್ತು: ಕಟ್ಟು ಯಾವ ಕಾಲೇಜಿನದೆಂದು ಗೊತ್ತಾದವರು, ಅಲ್ಲಿಯ ಮಕ್ಕಳನ್ನಾಗಲಿ ಅಧ್ಯಾಪಕರನ್ನಾಗಲಿ ಬಲ್ಲವರು, ಕೂಡಲೇ ಅದನ್ನು ಬಿಟ್ಟುಕೊಡಬೇಕು. ಪ್ರತಿ ಕಟ್ಟಿನ ಕೊನೆಗೂ ಹಾಗೆಂದು ಘೋಷಣೆಗೆ ಸಹಿ ಹಾಕುತ್ತಿದ್ದುದು ಅದಕ್ಕೇ. ಅಂದರೆ, ಗೊತ್ತು ಎಂದು ಹೇಳಿದ ಕ್ಷಣ ಕಟ್ಟು ಅವಳ ಕೈಬಿಟ್ಟು ಪಕ್ಕದ ಕುರ್ಚಿಗೆ ಹೋಗುತ್ತದೆ. ಅಲ್ಲಿ ಎರಡು ಸಾಲು, ಒಂದು ಸೊನ್ನೆ, ಫಾರಮ್ಮಿಗೆ ಸಹಿ. ಹತ್ತು ನಿಮಿಷದ ಕೆಲಸ. ಸತ್ಯ ಹೇಳಿ ತಾನು ತೊಳೆದುಕೊಂಡು ಎದ್ದುಹೋದರೆ ಮಕ್ಕಳು ಮುಳುಗುತ್ತಾರೆ. ಇಷ್ಟು ವರ್ಷ ಹೇಳಲು ಧೈರ್ಯವಿಲ್ಲದೆ ಸುಮ್ಮನಿದ್ದವಳು, ಧೈರ್ಯ ಬಂದ ದಿನವೇ ಸುಮ್ಮನಿರಬೇಕಾಯಿತಲ್ಲ ಎಂದು ಅವಳಿಗೆ ಯಾರ ಮೇಲೆಂದು ತಿಳಿಯದ ರೋಷ ಬಂತು. ತೆರೆದ ಬಾಯಿಯನ್ನು ಅವಳು ಮುಚ್ಚಿಕೊಂಡಳು.

"ನಾನು ಸೈನ್ ಮಾಡಲ್ಲ ಸಾರ್" ಎಂದಳು. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. "ನೀವು ಮೂರ್ನೇ ಸಾಲು ಓದಿಲ್ಲ."

"ಮೂರ್ನೇದ್ರಲ್ಲಿ ಏನಿದೆ?"

"ಓದ್ತೀನಿ, ಕೂತ್ಕೊಳಿ."

ಉದಯಕುಮಾರ್ ಗಡಿಯಾರ ನೋಡಿದರು. ಆರು ದಿನದಲ್ಲಿ ಈ ಹೆಂಗಸು ಹೀಗೆ ಮಾತಾಡಿದ್ದಿಲ್ಲ ಎಂಬ ಆಶ್ಚರ್ಯಕ್ಕೇ ಇರಬೇಕು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೂತರು. ಅವಳು ಮೊದಲ ಪತ್ರಿಕೆ ತೆಗೆದು, ಮುರುಕು ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತ ಓದಿದಳು. ನಮ್ಮ ದೊಡ್ಡವ್ವ ಬೀದಿಯ ನಾಯಿಗೆ ಮೊದಲು ರೊಟ್ಟಿ ಹಾಕಿ ಆಮೇಲೆ ತಾನು ಉಣ್ಣುತ್ತಾಳೆ, ಊರವರು ಅವಳಿಗೆ ಹುಚ್ಚಿ ಅನ್ನುತ್ತಾರೆ, ಕುರಿ ಹುಡುಕುವವಳು ಅವಳೇ. ಎರಡನೆಯದು: ನಮ್ಮ ಕಾಕಾ ಎತ್ತು ಸತ್ತಾಗ ಮೂರು ದಿನ ಉಣ್ಣಲಿಲ್ಲ, ಹೆಂಡತಿ ಸತ್ತಾಗ ಉಂಡಿದ್ದ, ಅದಕ್ಕೆ ಎಲ್ಲರೂ ನಗುತ್ತಾರೆ, ಆದರೆ ಕಾಕಿ ಸತ್ತಾಗ ಅವನಿಗೆ ಉಣ್ಣಿಸಿದ್ದು ನಾನು. ಮೂರನೆಯದು: ನನ್ನ ತಂಗಿಗೆ ಮಾತು ಬರುವುದಿಲ್ಲ, ಎಲ್ಲರನ್ನೂ ನೋಡಿ ನಗುತ್ತಾಳೆ, ಬೈದವರನ್ನು ನೋಡಿಯೂ. ಪಲ್ಲವಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಐದನೆಯ ಪತ್ರಿಕೆಯವನು, ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ, ಎಲ್ಲರೂ ಬಲು ಶ್ಯಾಣ್ಯಾರು, ಅದಕ್ಕೇ ಅವ್ವ ತವರಿಗೆ ಹೋದವಳು ಬಂದಿಲ್ಲ ಎಂದು ಬರೆದಿದ್ದ. ಉದಯಕುಮಾರ್ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಒಬ್ಬಳು ಒಂದೇ ಮಾತು ಬರೆದಿದ್ದಳು: ನಮ್ಮ ಮನೆಯಲ್ಲಿ ಅದು ನಾನು. ಓದುತ್ತ ಓದುತ್ತ ಸುಮನಾಳ ದನಿ ಏರಿತು. ಸ್ವಂತವಾಗಿ ಒಂದು ವಾಕ್ಯವನ್ನೂ ಬರೆಯಲಾರರು ಎಂದು ತಾನು ಬರೆದಿದ್ದ ಮಕ್ಕಳು ಇವರು. ಇವರಲ್ಲದಿದ್ದರೆ ಇವರ ಅಕ್ಕಂದಿರಂಥವರು, ಅಣ್ಣಂದಿರಂಥವರು, ಗುಬ್ಬಿಯ ಶೀಟಿನ ಸೂರಿನ ಕೆಳಗೆ ಕೂತವರು. ಆ ಸಮಿತಿಯ ಮೂರು ದಿನದಲ್ಲಿ ತಾನು ಒಬ್ಬರ ನೋಟ್‌ಬುಕ್ಕನ್ನಾದರೂ ಮೂರನೆಯ ಸಾಲಿನವರೆಗೆ ಓದಿದ್ದೆನೇ? ಎದುರಿಗೆ ಕೂತ ಈ ಮನುಷ್ಯನ ಮೇಲೆ ತಾನು ಕಾರುತ್ತಿದ್ದ ಕೆಂಡವೆಲ್ಲ ಹೊರಳಿ ತನ್ನ ಮಡಿಲಿಗೇ ಬೀಳುತ್ತಿತ್ತು, ಆದರೂ ಅವಳು ನಿಲ್ಲಿಸಲಿಲ್ಲ.

"ಎಲ್ಲಾನೂ ಹಿಂಗೇ ಇದೆಯೋ, ಇಲ್ಲ ನೀವು ಚೆನ್ನಾಗಿರೋದು ಮಾತ್ರ ಆರಿಸ್ಕೊಂಡು ಓದ್ತಿದೀರೋ" ಎಂದು ಉದಯಕುಮಾರ್ ಕೈ ಚಾಚಿ ಕಟ್ಟಿನ ನಡುವಿನಿಂದ ಒಂದನ್ನು ಎಳೆದರು. "ಇದನ್ನ ಓದಿ ನೋಡೋಣ."

ಅವಳು ಅದನ್ನು ಇನ್ನೂ ನೋಡಿರಲಿಲ್ಲ. ಸಣ್ಣ, ಒತ್ತೊತ್ತಾದ ಅಕ್ಷರ. ಅವಳ ಕಣ್ಣು ಸಾಲಿನ ಮೇಲೆ ಓಡಿತು. ನಮ್ಮ ಮನೆಯಲ್ಲಿ ಅಂಥವರಿಲ್ಲ, ಆದರೆ ನಮ್ಮ ಇಂಗ್ಲಿಷ್ ಸರ್ ಇದ್ದಾರೆ. ಅವರು ತುಮಕೂರು ಕಡೆಯವರು. ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದರೆ, ನನ್ನ ವಿದ್ಯಾರ್ಥಿನಿಯೊಬ್ಬಳು ಕಳಿಸಿದಳು, ಅವಳಷ್ಟು ಚೆನ್ನಾಗಿ ಬರೆಯುವವರನ್ನು ನಾನು ಇನ್ನೂ ಕಂಡಿಲ್ಲ, ನೀವೂ ಹಾಗೆ ಬರೆಯಬೇಕು ಎನ್ನುತ್ತಾರೆ. ಅವರಿಗೆ ಅವಳ ಮೇಲೆ ಸಿಟ್ಟಿಲ್ಲ. ನಮಗಿದೆ.

ಫ್ಯಾನು ತಿರುಗುವ ಸದ್ದು, ಪಕ್ಕದ ಮೇಜಿನಲ್ಲಿ ಯಾರೋ ಅಂಕಗಳನ್ನು ಕೂಡುವ ಸದ್ದು, ಎಲ್ಲವೂ ದೂರ ಸರಿದವು. ನಮಗಿದೆ. ಆರು ವರ್ಷದಿಂದ ಅವಳು ಕಾಯುತ್ತಿದ್ದ ಬೈಗುಳ ಎಲ್ಲಿಯದೋ ಹದಿನೇಳು ವರ್ಷದ ಮಗುವಿನ ಕೈಬರಹದಲ್ಲಿ ಬಂದಿತ್ತು. ಸರ್ ವ್ಯಂಗ್ಯವಾಡಿರಲಿಲ್ಲ. ಅಯ್ಯೋ, ಅವರು ವ್ಯಂಗ್ಯವಾಡಿರಲೇ ಇಲ್ಲ. ಅವಳಿಗೆ ಹಾಳೆಯ ಮೇಲೆ ತಲೆಯಿಟ್ಟು ಅಳಬೇಕೆನಿಸಿತು, ಅದರ ಜೊತೆಗೇ ಆ ಮನುಷ್ಯನ ಮೇಲೂ ಭಯಂಕರ ಸಿಟ್ಟು ಬಂತು. ಯಾಕೆ ಸಿಟ್ಟಿಲ್ಲ, ಯಾರು ಕೊಟ್ಟರು ಅವರಿಗೆ ಸಿಟ್ಟಿಲ್ಲದೆ ಇರುವ ಅಧಿಕಾರ, ತನಗೆ ಇಷ್ಟು ಮಾಡಿದವಳನ್ನು ಮಕ್ಕಳ ಮುಂದೆ ಹೊಗಳಿಕೊಂಡು ತಿರುಗುವ ಈ ಬೆಪ್ಪುತನಕ್ಕೆ ಏನನ್ನಬೇಕು. ತುಮಕೂರು ಎಂಬ ಪದ ಹಾಳೆಯ ಮೇಲೆ ಬೆರಳಷ್ಟು ದೂರದಲ್ಲಿತ್ತು. ಉದಯಕುಮಾರ್ ಅದನ್ನು ಕೇಳಿದರೆ ಮುಗಿಯಿತು, ಯಾವ ಮೇಷ್ಟ್ರು ಎಂದು ಈ ಹಾಲಿನಲ್ಲೇ ಹತ್ತು ಜನ ಹೇಳುತ್ತಾರೆ, ಯಾವ ವಿದ್ಯಾರ್ಥಿನಿ ಎಂದು ಇಬ್ಬರಾದರೂ ಹೇಳುತ್ತಾರೆ.

"ಓದಿ ಮೇಡಂ."

"ನಮ್ಮಪ್ಪ ಮಂಡೀಲಿ ಕಾಯಿ ಸುಲೀತಾನೆ" ಎಂದು ಅವಳು ಹಾಳೆ ನೋಡುತ್ತಲೇ ಓದಿದಳು. "ಕೈಯೆಲ್ಲಾ ಬಿರ್ಕು. ಎಣಿಸೋರು ತಪ್ಪಿ ಅವನ ಪಾಲಿಗೆ ನಾಲ್ಕು ಕಾಯಿ ಹೆಚ್ಚು ಹಾಕಿದ್ರೆ ರಾತ್ರಿ ನಡ್ಕೊಂಡ್ ಹೋಗಿ ವಾಪಸ್ ಇಟ್ಟು ಬರ್ತಾನೆ. ಮಂಡಿಯೋರು ನಗ್ತಾರೆ. ಅವನು ಮನೆಗೆ ನಮ್ಮ ಮೇಷ್ಟ್ರನ್ನ ಕರ್ಕೊಂಡ್ ಬಾ ಅಂದಿದ್ದ. ನಾನು ಕರ್ಕೊಂಡ್ ಹೋ—" ಅಲ್ಲಿಗೆ ಅವಳು ನಿಲ್ಲಿಸಿದಳು. "ಇಷ್ಟೇ ಇದೆ. ಟೈಮಾಗೋಗಿರ್ಬೇಕು ಮಗೂಗೆ."

ಉದಯಕುಮಾರರ ಕನ್ನಡಕ ಮೇಜಿನ ಮೇಲೆಯೇ ಇತ್ತು. ಎದ್ದು ಹೋಗಿ ಕಿಟಕಿಯಲ್ಲಿ ನೋಡಿದರು, ತಿರುಗಿ ಬಂದು ಫಾರಮ್ಮನ್ನು ಎರಡು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದರು. "ಕಾಪಿ ಅಲ್ಲ ಬಿಡಿ. ಕಾಪಿ ಹೊಡಿಯೋನು ಮನೆ ವಿಷ್ಯ ಬರಿಯಲ್ಲ. ಆದ್ರೆ ಕೀ ಆನ್ಸರ್ ಪ್ರಕಾರ ಉತ್ರ ತಪ್ಪು."

"ಕೀ ಆನ್ಸರ್ರೇ ತಪ್ಪು ಸಾರ್. ನಾಲ್ಕಕ್ಕೆ ನಾಲ್ಕು ಹಾಕ್ತೀನಿ. ನೀವು ಬೇಕಾದ್ರೆ ಹಸಿರಲ್ಲಿ ಒಂದೊಂದೂ ಹೊಡೆದು ಕೆಳಗೆ ಕಾರಣ ಬರೀರಿ. ಇಪ್ಪತ್ತೆರಡು ಸಲ."

"ಹಠ ರೀ ನಿಮ್ದು. ಮೂರು ಹಾಕಿ. ನನ್ನ ಮೇಲೂ ಕೇಳೋರಿದಾರೆ."

ಮೂರು. ಅವಳು ಕೆಂಪು ಇಂಕಿನಲ್ಲಿ ಇಪ್ಪತ್ತೆರಡು ಮೂರುಗಳನ್ನು ಬರೆದಳು. ಆ ಒಂದು ಅಂಕ ಯಾರಪ್ಪನ ಮನೆಯದೆಂದು ಕಿತ್ತುಕೊಂಡರು ಎಂದು ಪ್ರತಿ ಸಲ ಬರೆಯುವಾಗಲೂ ಮೈ ಉರಿಯಿತು. ಸಣ್ಣ ಅಕ್ಷರದ ಪತ್ರಿಕೆ ಬಂದಾಗ ಅವಳು ಎತ್ತಿ ನೋಡಲಿಲ್ಲ, ಮೂರನೆಯ ಸಾಲಿನ ಪಕ್ಕದಲ್ಲಿ ಸಣ್ಣದೊಂದು ಸರಿ ಗುರುತು ಹಾಕಿ ಪುಟ ಮಗುಚಿದಳು. ಊಟದ ಗಂಟೆ ಹೊಡೆದು ಪಲ್ಲವಿ ಎದ್ದು ಹೋದಳು. ಹೋಗುವಾಗ ಸುಮನಾಳ ಹೆಗಲು ಮುಟ್ಟಿ, "ಮೇಡಂ, ಆ ಮುತ್ತಜ್ಜಿ ಕತೆ ನಂಗೂ ಹೇಳ್ಕೊಡಿ" ಎಂದಳು. ಉದಯಕುಮಾರ್ ಕನ್ನಡಕ ಹಾಕಿಕೊಂಡು ಹಸಿರು ಸಹಿಗಳನ್ನು ಮುಗಿಸಿ, ಕಟ್ಟಿನ ಮೇಲೆ ಘೋಷಣೆಯ ಹಾಳೆ ಇಟ್ಟು ಅವಳ ಕಡೆ ತಳ್ಳಿದರು. ಈ ಉತ್ತರಪತ್ರಿಕೆಗಳ ಮೂಲವಾಗಲಿ, ಇವರಿಗೆ ಬೋಧಿಸಿದವರಾಗಲಿ ನನಗೆ ತಿಳಿದಿಲ್ಲ, ಅವರೊಂದಿಗೆ ನನಗೆ ಯಾವ ಸಂಬಂಧವೂ ಇಲ್ಲವೆಂದು ಪ್ರಮಾಣೀಕರಿಸುತ್ತೇನೆ.

"ಇಷ್ಟೊಂದು ವಾದ ಮಾಡಿದ್ರಲ್ಲ, ಆ ಮೇಷ್ಟ್ರು ನಿಮ್ಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ ಸಾರ್."

"ಯಾವನೋ ಹಳೇ ಕಾಲದ ತಲೆಕೆಟ್ಟೋನು ಇರ್ಬೇಕು, ಅಲ್ವಾ? ಇವತ್ತಿನ ಕಾಲ್ದಲ್ಲಿ ಮಕ್ಳಿಗೆ ಇದನ್ನೆಲ್ಲಾ ಯಾವನ್ ಹೇಳ್ಕೊಡ್ತಾನೆ."

ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಲಕ್ಷ್ಮೀನರಸಿಂಹಯ್ಯನವರ ಬಗ್ಗೆ ಆರು ವರ್ಷದ ಹಿಂದೆ ಅವಳು ಸಹಿ ಹಾಕಿದ್ದು ಒಂದು ಸುಳ್ಳು. ಇದು ಎರಡನೆಯದು.

"ಇರ್ಬೇಕು ಸಾರ್" ಎಂದು ಸುಮನಾ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.